ಸನ್‌ರೂಫ್ ಸೋರಿದರೆ ಗಾಜಿಗೆ ಕೈ ಹಾಕುವ ಮೊದಲು ನೀರಿನ ದಾರಿ ನೋಡಿ

ಆರಿದ್ರೆ ಮಳೆ ಹಿಡಿಯಿತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಗ್ಯಾರೇಜುಗಳಲ್ಲಿ ಈ ದೂರು ಕೇಳಿಬರತೊಡಗುತ್ತದೆ: ತಲೆಯ ಮೇಲಿನ ದೀಪದ ಸಂದಿಯಿಂದ ನೀರು ತೊಟ್ಟಿಕ್ಕುತ್ತಿದೆ, ಕಾಲ ಬುಡದ ಮ್ಯಾಟ್ ಒದ್ದೆಯಾಗಿದೆ, ಬಾಗಿಲು ತೆರೆದರೆ ಮುಗ್ಗಲು ವಾಸನೆ ಮೂಗಿಗೆ ಅಡರುತ್ತದೆ. ಸನ್‌ರೂಫಿನ ರಬ್ಬರ್ ಹೋಗಿದೆ ಎಂದು ಕಾರಿನ ಮಾಲೀಕರು ತೀರ್ಮಾನಿಸುತ್ತಾರೆ. ಯಾರೋ ಒಬ್ಬರು ಗಾಜಿನ ಸುತ್ತ ಸಿಲಿಕೋನ್ ಬಳಿದು ಕಳಿಸುತ್ತಾರೆ. ಮುಂದಿನ ಜಡಿಮಳೆಗೆ ಮತ್ತೆ ಅದೇ ಸೋರಿಕೆ.

ಸನ್‌ರೂಫಿನ ಗಾಜಿನ ಸುತ್ತ ಇರುವ ರಬ್ಬರ್ ಬೀಡಿಂಗ್ ನೀರನ್ನು ಪೂರ್ತಿಯಾಗಿ ತಡೆಯುವುದಕ್ಕೆಂದು ಇಟ್ಟದ್ದಲ್ಲ. ಅದು ಗಾಳಿಯ ಸದ್ದನ್ನು ಮತ್ತು ಹೆಚ್ಚಿನ ಪಾಲು ನೀರನ್ನು ತಡೆಯುತ್ತದೆ, ಉಳಿದ ನೀರು ಒಳಗೆ ಇಳಿಯುತ್ತದೆ. ಹಾಗೆ ಇಳಿಯಲೆಂದೇ ಗಾಜಿನ ಕೆಳಗೆ ಸುತ್ತಲೂ ಒಂದು ಕಾಲುವೆ ಇರುತ್ತದೆ. ಅದರ ಮೂಲೆಗಳಲ್ಲಿ ಸಣ್ಣ ರಂಧ್ರಗಳಿದ್ದು, ಅಲ್ಲಿಂದ ಬೆರಳಿಗಿಂತ ಸಣ್ಣನೆಯ ಕೊಳವೆಗಳು ಕಾರಿನ ಕಂಬಗಳೊಳಗೆ ಇಳಿದು ನೀರನ್ನು ನೆಲಕ್ಕೆ ಬಿಡುತ್ತವೆ. ಹೆಚ್ಚಿನ ಕಾರುಗಳಲ್ಲಿ ಇಂಥ ನಾಲ್ಕು ಕೊಳವೆಗಳಿರುತ್ತವೆ. ಮುಂದಿನ ಎರಡು ವಿಂಡ್‌ಶೀಲ್ಡಿನ ಪಕ್ಕದ ಕಂಬಗಳಲ್ಲಿ ಇಳಿದು ಮುಂಬಾಗಿಲ ಕೀಲಿನ ಬಳಿಯೋ ಮುಂದಿನ ಮಡ್‌ಗಾರ್ಡಿನ ಒಳಗೋ ಹೊರಬೀಳುತ್ತವೆ. ಹಿಂದಿನ ಎರಡು ಡಿಕ್ಕಿಯ ಪಕ್ಕದಿಂದ ಇಳಿದು ಹಿಂದಿನ ಚಕ್ರದ ಕಮಾನಿನಲ್ಲೋ ಬಂಪರಿನ ಹಿಂದೆಯೋ ಕೊನೆಯಾಗುತ್ತವೆ. ಕಾಫಿ ತೋಟ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸಿಗಾಲುವೆ ಕಟ್ಟಿದರೆ ನೀರು ಗಿಡದ ಬುಡದಲ್ಲಿ ನಿಲ್ಲುತ್ತದೆ, ಆಗ ಯಾರೂ ಮಳೆಯನ್ನು ತಡೆಯಲು ಹೋಗುವುದಿಲ್ಲ, ಕಾಲುವೆ ಬಿಡಿಸುತ್ತಾರೆ. ಸನ್‌ರೂಫಿಗೂ ಬೇಕಾದದ್ದು ಇಷ್ಟೇ. ಮೇಲಿನಿಂದ ಅಂಟು ಬಳಿಯುವುದು ಸಮಸ್ಯೆಯನ್ನು ಮುಚ್ಚಿಡುತ್ತದೆ, ಎಷ್ಟೋ ಸಲ ಗಾಜು ಸರಿಯುವ ಹಳಿಯನ್ನೂ ಕೆಡಿಸುತ್ತದೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ.

ನಮ್ಮ ಜಿಲ್ಲೆಯಲ್ಲಿ ಈ ಕೊಳವೆಗಳು ಬೇಗ ಕಟ್ಟುವುದಕ್ಕೆ ಕಾರಣವಿದೆ. ಬೇಸಿಗೆಯಲ್ಲಿ ಕಡೂರು, ಅರಸೀಕೆರೆ ಕಡೆಯ ಬಯಲಿನ ಧೂಳು ಆ ಕಾಲುವೆಯಲ್ಲಿ ಕೂರುತ್ತದೆ. ಕಾರು ನಿಲ್ಲಿಸುವುದು ಹೆಚ್ಚಾಗಿ ಸಿಲ್ವರ್ ಮರದ ನೆರಳಿನಲ್ಲಿ. ಅದರ ಸೀಳು ಸೀಳಾದ ಎಲೆ ಒಣಗಿ ಮುರಿದರೆ ಒಂದೊಂದು ಚೂರೂ ಡ್ರೈನ್ ರಂಧ್ರದಲ್ಲಿ ಸರಿಯಾಗಿ ಸಿಕ್ಕಿಕೊಳ್ಳುವಷ್ಟು ಗಾತ್ರದ್ದು. ಮೊದಲ ಮಳೆಗೆ ಧೂಳು ಕೆಸರಾಗಿ, ಎಲೆಚೂರನ್ನು ಹಿಡಿದುಕೊಂಡು ಗಟ್ಟಿಯಾಗುತ್ತದೆ. ಆಮೇಲೆ ವಾರಗಟ್ಟಲೆ ಬಿಡದೆ ಸುರಿಯುವ ಮಳೆಯಲ್ಲಿ ಅದು ಒಣಗುವುದೇ ಇಲ್ಲ.

ನೀರು ನಿಜವಾಗಿ ಎಲ್ಲಿಂದ ಬರುತ್ತಿದೆ?

ಕೈಗೆ ದಾರ, ಬ್ರಷ್ ತೆಗೆದುಕೊಳ್ಳುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಸನ್‌ರೂಫ್ ಇದೆ ಎಂಬ ಒಂದೇ ಕಾರಣಕ್ಕೆ ಎಲ್ಲ ನೀರಿನ ತಪ್ಪನ್ನೂ ಅದರ ತಲೆಗೆ ಕಟ್ಟುವುದು ಸರಿಯಲ್ಲ.

ಮಳೆಯೇ ಇಲ್ಲದ ದಿನ, ಎ.ಸಿ. ಹಾಕಿಕೊಂಡು ಬೆಂಗಳೂರಿಗೆ ಹೋಗಿ ಬಂದ ಮೇಲೆ ಮುಂದಿನ ಎಡಸೀಟಿನ ಕಾಲ ಬುಡ ಒದ್ದೆಯಾಗಿದ್ದರೆ ಅದು ಎ.ಸಿ.ಯ ನೀರು. ಎ.ಸಿ.ಗೂ ಹೊರಹೋಗುವ ಒಂದು ಕೊಳವೆ ಇದೆ. ಅದು ಕಟ್ಟಿದರೆ ನೀರು ಒಳಗೇ ಬೀಳುತ್ತದೆ. ಆ ನೀರು ತಿಳಿಯಾಗಿರುತ್ತದೆ, ವಾಸನೆ ಇರುವುದಿಲ್ಲ. ನೀರು ಅಂಟಂಟಾಗಿದ್ದು ಸಿಹಿ ವಾಸನೆ ಬಂದರೆ ಅದು ಹೀಟರಿನ ಕಡೆಯಿಂದ ಬಂದ ಕೂಲಂಟ್. ಅದನ್ನು ಮುಂದೂಡದೆ ಗ್ಯಾರೇಜಿಗೆ ಒಯ್ಯಿರಿ.

ಬಾಗಿಲ ಹೊಸ್ತಿಲ ಬಳಿ ಮಾತ್ರ ಒದ್ದೆಯಾಗಿದ್ದು ಛಾವಣಿಯ ಒಳಬಟ್ಟೆ ಒಣಗಿಯೇ ಇದ್ದರೆ, ಬಾಗಿಲ ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆ ಕಿತ್ತುಬಂದಿರಬಹುದು. ಸ್ಪೀಕರ್ ಹಾಕಿಸಿಕೊಂಡವರ ಕಾರುಗಳಲ್ಲಿ ಇದು ಸಾಮಾನ್ಯ. ವೈಪರಿನ ಬುಡದಲ್ಲಿ, ಬಾನೆಟ್ಟಿನ ಹಿಂದಿನ ತಗ್ಗಿನಲ್ಲಿ ಎಲೆ ತುಂಬಿದರೂ ನೀರು ಡ್ಯಾಶ್‌ಬೋರ್ಡಿನ ಕೆಳಗೆ ಇಳಿಯುತ್ತದೆ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರು ನಿಂತಿದ್ದರೆ ಹಿಂದಿನ ದೀಪದ ರಬ್ಬರ್, ಡಿಕ್ಕಿ ಬಾಗಿಲ ಬೀಡಿಂಗ್, ಛಾವಣಿಯ ಮೇಲಿನ ಆಂಟೆನಾದ ಬುಡ, ಲಗೇಜ್ ಕಂಬಿಯ ಸ್ಕ್ರೂ ಇವನ್ನೂ ಅನುಮಾನಿಸಬೇಕು.

ಇನ್ನೊಂದನ್ನು ಪ್ರವಾಸಿಗರಿಗಾಗಿ ಹೇಳುತ್ತೇನೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ದಾರಿಯಲ್ಲಿ ಮಂಜು ಮುಸುಕಿದಾಗ ಕಾರಿನೊಳಗೆ ಐದಾರು ಜನ ಕಿಟಕಿ ಮುಚ್ಚಿಕೊಂಡು ಕುಳಿತರೆ ಸನ್‌ರೂಫಿನ ಗಾಜಿನ ಒಳಮೈಯಲ್ಲಿ ಉಸಿರಿನ ಹಬೆ ನೀರಾಗಿ ಕೂರುತ್ತದೆ, ಕೆಲವೊಮ್ಮೆ ತೊಟ್ಟಿಕ್ಕುತ್ತದೆ. ಅದು ಸೋರಿಕೆಯಲ್ಲ. ಮಳೆ ನಿಂತ ಕೂಡಲೇ ಸನ್‌ರೂಫ್ ತೆರೆದಾಗ ಗಾಜಿನ ಮೇಲೆ ನಿಂತಿದ್ದ ನೀರು ಮೈಮೇಲೆ ಬಿದ್ದರೆ ಅದೂ ಸೋರಿಕೆಯಲ್ಲ.

ಸನ್‌ರೂಫಿನದೇ ತೊಂದರೆ ಎಂದು ಹೇಳುವ ಗುರುತುಗಳು ಇವು: ಒಳಬಟ್ಟೆಯ ಮೇಲೆ, ಹೆಚ್ಚಾಗಿ ಮೂಲೆಗಳಲ್ಲಿ, ಕಂದು ಅಂಚಿನ ಕಲೆ, ಮುಂದಿನ ಒಳದೀಪದ ಬಳಿ ಹನಿ, ಮುಂದಿನ ಕಂಬದ ಪ್ಲಾಸ್ಟಿಕ್ಕಿನ ಒಳಗಿನಿಂದ ಇಳಿದ ತೇವ, ತಿರುವಿನಲ್ಲಿ ಅಥವಾ ಬ್ರೇಕ್ ಹಾಕಿದಾಗ ತಲೆಯ ಮೇಲೆ ನೀರು ಹೊಯ್ದಾಡುವ ಸದ್ದು ಮತ್ತು ಒಮ್ಮೆಲೇ ಸುರಿಯುವ ನೀರು. ಕೊನೆಯದಂತೂ ಬಹುಮಟ್ಟಿಗೆ ಖಚಿತ ಲಕ್ಷಣ. ಮೇಲಿನ ಕಾಲುವೆ ತುಂಬಿ ನಿಂತಿದೆ ಎಂದೇ ಅರ್ಥ.

ಒಂದು ಲೋಟ ನೀರಿನ ಪರೀಕ್ಷೆ

ಹೊಳವಾದ ದಿನ ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಸನ್‌ರೂಫನ್ನು ಪೂರ್ತಿ ತೆರೆಯಿರಿ. ಮುಂದಿನ ಎರಡು ಮೂಲೆಗಳಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಕಾಲುವೆಯ ಕೊನೆಯಲ್ಲಿ ರಂಧ್ರ ಕಾಣುತ್ತದೆ. ಹಿಂದಿನ ರಂಧ್ರಗಳು ಹಲವು ಕಾರುಗಳಲ್ಲಿ ಗಾಜಿನ ಕೆಳಗೆ ಅಡಗಿರುತ್ತವೆ, ಅವು ಕಾಣದಿದ್ದರೆ ಗಾಬರಿ ಬೇಡ.

ಮೊದಲು ಒದ್ದೆ ಬಟ್ಟೆಯಿಂದ ಕಾಲುವೆಯನ್ನು ಒರೆಸಿ ಕಸ ತೆಗೆಯಿರಿ. ಕಸವನ್ನು ರಂಧ್ರದ ಕಡೆಗೆ ತಳ್ಳಬಾರದು, ಹೊರಕ್ಕೆ ಎತ್ತಬೇಕು. ಮೂಲೆಯಲ್ಲಿ ಕಾಣುವುದು ಹೀಗಿರುತ್ತದೆ: ಕೆಂಪು ಮಣ್ಣಿನ ನುಣುಪಾದ ಕೆಸರು, ಅದರ ಮೇಲೆ ತೆಳುವಾದ ಹಸಿರು ಪಾಚಿ, ಒಳಗೆ ಹುದುಗಿದ ಸಿಲ್ವರ್ ಎಲೆಯ ಎರಡು ಮೂರು ಕಡ್ಡಿಗಳು, ಕೆಲವೊಮ್ಮೆ ಜೇಡರ ಬಲೆ. ಹಳಿಗೆ ಹಚ್ಚಿದ ಗ್ರೀಸಿಗೆ ಧೂಳು ಮೆತ್ತಿ ಕಪ್ಪಗಾಗಿರುತ್ತದೆ. ಅದನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಮೆಲ್ಲಗೆ ತೆಗೆಯಬಹುದು.

ಈಗ ಒಂದು ಲೋಟ ನೀರನ್ನು ಒಂದು ಮೂಲೆಗೆ ನಿಧಾನವಾಗಿ ಸುರಿಯಿರಿ. ಮನೆಯವರೊಬ್ಬರು ಕೆಳಗೆ ಕೂತು ಆ ಬದಿಯ ಚಕ್ರದ ಹಿಂದೆ, ಬಾಗಿಲ ಕೀಲಿನ ಬಳಿ ನೋಡುತ್ತಿರಲಿ. ಕೊಳವೆ ಸರಿಯಿದ್ದರೆ ಕೆಲವೇ ಕ್ಷಣಗಳಲ್ಲಿ ಕೆಳಗೆ ಧಾರೆ ಬೀಳುತ್ತದೆ. ನೀರು ಕಾಲುವೆಯಲ್ಲೇ ನಿಂತರೆ ಕೊಳವೆ ಕಟ್ಟಿದೆ. ತೊಟ್ಟು ತೊಟ್ಟಾಗಿ ಇಳಿದರೆ ಅರ್ಧ ಕಟ್ಟಿದೆ. ಮೇಲಿನಿಂದ ಸರಾಗವಾಗಿ ಹೋಗಿಯೂ ಕೆಳಗೆ ಏನೂ ಬೀಳದಿದ್ದರೆ ಕೂಡಲೇ ನಿಲ್ಲಿಸಿ. ಕೊಳವೆ ಎಲ್ಲೋ ಕಳಚಿಕೊಂಡು ನೀರು ಕಾರಿನೊಳಗೇ ಹೋಗುತ್ತಿದೆ. ಇದು ಮನೆಯಲ್ಲಿ ಸರಿಯಾಗುವ ಕೆಲಸವಲ್ಲ.

ನಾಲ್ಕೂ ಮೂಲೆಗಳನ್ನು ಹೀಗೆ ನೋಡಿ. ಹಿಂದಿನ ಮೂಲೆಗಳಿಗೆ ನೀರು ತಲುಪಿಸಲು ತೋಟದ ಮನೆಗಳ ಇಳಿಜಾರು ಅಂಗಳ ಅನುಕೂಲ. ಮೂತಿ ಮೇಲಾಗಿ ನಿಲ್ಲಿಸಿದರೆ ನೀರು ಹಿಂದಕ್ಕೆ ಹರಿಯುತ್ತದೆ. ಸಮತಟ್ಟಿನಲ್ಲಿ ಸೋರದ ಕಾರು ಇಳಿಜಾರಿನಲ್ಲಿ ಸೋರುವುದಕ್ಕೂ ಇದೇ ಕಾರಣ. ದಿನವೂ ಒಂದೇ ದಿಕ್ಕಿಗೆ ವಾಲಿಸಿ ನಿಲ್ಲಿಸುವ ಕಾರಿನಲ್ಲಿ ತಗ್ಗಿನ ಕಡೆಯ ಎರಡು ಕೊಳವೆಗಳ ಮೇಲೆಯೇ ಎಲ್ಲ ಭಾರ ಬೀಳುತ್ತದೆ. ಆದ್ದರಿಂದ ನಿಮ್ಮ ಕಾರು ಮನೆಯ ಬಳಿ ಯಾವ ಕಡೆಗೆ ವಾಲಿ ನಿಲ್ಲುತ್ತದೆಯೋ ಆ ಕಡೆಯಿಂದಲೇ ಪರೀಕ್ಷೆ ಶುರು ಮಾಡಿ.

ಕೊಳವೆ ಬಿಡಿಸುವ ಕ್ರಮ

ಇದಕ್ಕೆ ನಾನು ಕಂಡ ಅತ್ಯುತ್ತಮ ಸಾಧನ ನಮ್ಮ ಎಷ್ಟೋ ಮನೆಗಳ ಶೆಡ್ಡಿನಲ್ಲಿ ಆಗಲೇ ಇದೆ: ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ. ಎರಡು ಎರಡೂವರೆ ಮಿಲಿಮೀಟರ್ ದಪ್ಪದ, ದುಂಡನೆಯ ದಾರವೇ ಆಗಬೇಕು. ಚೌಕ ಅಥವಾ ನಕ್ಷತ್ರದ ಅಂಚಿರುವ ದಾರ ಕೊಳವೆಯ ಒಳಮೈಯನ್ನು ಕೆರೆಯುತ್ತದೆ. ಮೂರು ಮೀಟರಿನಷ್ಟು ಕತ್ತರಿಸಿಕೊಂಡು, ತುದಿಯನ್ನು ಬೆಂಕಿಕಡ್ಡಿಯಿಂದ ತುಸು ಬಿಸಿಮಾಡಿ ಚೂಪು ಹೋಗುವಂತೆ ಮೊಂಡು ಮಾಡಿ.

ದಾರವನ್ನು ಮೇಲಿನ ರಂಧ್ರದಿಂದ ಬಿಡುತ್ತಾ ಬೆರಳುಗಳ ನಡುವೆ ತಿರುಗಿಸುತ್ತಾ ಒಳಗೆ ಕಳಿಸಿ. ತಡೆ ಸಿಕ್ಕಿದರೆ ಬಲವಾಗಿ ತಳ್ಳಬೇಡಿ. ಹಿಂದಕ್ಕೆಳೆದು, ತಿರುಗಿಸಿ, ಮತ್ತೆ ಬಿಡಿ. ಮಧ್ಯೆ ಮಧ್ಯೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಬೆರೆಸಿದ ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದರೆ ಕೆಸರು ಕರಗುತ್ತದೆ. ಕಟ್ಟಿಕೊಂಡಿದ್ದು ಬಿಟ್ಟಾಗ ಕೆಳಗೆ ಮೊದಲು ಕಪ್ಪು ಮಿಶ್ರಿತ ಕೆಂಪು ನೀರು ಬೀಳುತ್ತದೆ. ಅದು ತಿಳಿಯಾಗುವವರೆಗೆ ನೀರು ಬಿಡಿ.

ಎಷ್ಟೋ ಸಲ ತೊಂದರೆ ಇರುವುದು ಮೇಲಲ್ಲ, ಕೆಳಗಿನ ತುದಿಯಲ್ಲಿ. ಹಲವು ಕಾರುಗಳಲ್ಲಿ ಕೊಳವೆಯ ಕೊನೆಗೆ ರಬ್ಬರಿನ ಪುಟ್ಟ ಮೂತಿ ಇರುತ್ತದೆ. ಅದರ ಬಾಯಿ ಒಂದು ಸಣ್ಣ ಸೀಳು. ನೀರು ಬಂದಾಗ ತೆರೆದುಕೊಂಡು, ಉಳಿದಂತೆ ಹುಳು, ಧೂಳು ಒಳಹೋಗದಂತೆ ಮುಚ್ಚಿಕೊಳ್ಳುವುದು ಅದರ ಕೆಲಸ. ತೋಟದ ರಸ್ತೆಯ ಕೆಸರು ಮೆತ್ತಿ ಒಣಗಿದರೆ ಆ ಸೀಳು ಅಂಟಿಕೊಂಡುಬಿಡುತ್ತದೆ. ಬೆರಳಿನಿಂದ ಮೂತಿಯನ್ನು ಎರಡೂ ಬದಿಯಿಂದ ಒತ್ತಿದರೆ ಸೀಳು ಬಾಯಿ ಬಿಡುತ್ತದೆ, ನಿಂತ ನೀರು ಒಮ್ಮೆಲೇ ಮುಂಗೈ ಮೇಲೆ ಸುರಿಯುತ್ತದೆ. ಈ ಮೂತಿಯನ್ನು ಕತ್ತರಿಸಿ ಬಿಸಾಡುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ, ಇರುವೆಗಳಿಗೂ ಜೇಡಗಳಿಗೂ ಬಾಗಿಲು ತೆರೆದಿಟ್ಟಂತೆ ಆಗುತ್ತದೆ. ದಾರವನ್ನು ಈ ಮೂತಿಯ ಮೂಲಕ ಬಲವಂತವಾಗಿ ಹೊರಗೆ ತಳ್ಳಬೇಡಿ, ಮೂತಿ ಕಳಚಿ ಒಳಗೇ ಬೀಳಬಹುದು.

ಎರಡು ಕೆಲಸಗಳನ್ನು ಮಾತ್ರ ಖಂಡಿತ ಮಾಡಬೇಡಿ. ಒಂದು, ಕಬ್ಬಿಣದ ತಂತಿ ತೂರಿಸುವುದು. ಕೊಳವೆ ತೂತಾದರೆ ಅದನ್ನು ಬದಲಿಸಲು ಛಾವಣಿಯ ಒಳಬಟ್ಟೆಯನ್ನೇ ಇಳಿಸಬೇಕಾಗುತ್ತದೆ. ಇನ್ನೊಂದು, ಪಂಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ಹೊಡೆಸುವುದು. ಈ ಕೊಳವೆಗಳನ್ನು ಬಹಳಷ್ಟು ಕಡೆ ಪ್ಲಾಸ್ಟಿಕ್ ಮೊಳೆಯಂಥ ಬಾಯಿಗೆ ಸುಮ್ಮನೆ ಸಿಕ್ಕಿಸಿರುತ್ತಾರೆ. ಜೋರು ಗಾಳಿಗೆ ಕಸದ ಬದಲು ಕೊಳವೆಯೇ ಕಳಚಿಕೊಳ್ಳುತ್ತದೆ. ಆಮೇಲೆ ಪ್ರತಿ ಮಳೆಗೂ ನೀರು ನೇರವಾಗಿ ಕಂಬದೊಳಗೆ. ಗಾಳಿ ಬೇಕೇ ಬೇಕು ಎನಿಸಿದರೆ ಸೈಕಲ್ ಪಂಪಿನಷ್ಟು ಸಾಕು, ಅದೂ ಮೆಲ್ಲಗೆ. ವಾಟರ್ ಸರ್ವಿಸ್‌ನಲ್ಲಿ ನೀರನ್ನೂ ಹೀರುವ ವ್ಯಾಕ್ಯೂಮ್ ಇದ್ದರೆ ಕೆಳತುದಿಯಿಂದ ಹೀರಿಸುವುದು ಇನ್ನೂ ಒಳ್ಳೆಯ ಉಪಾಯ.

ರಬ್ಬರ್ ಮತ್ತು ಗಾಜು

ಕೊಳವೆಗಳು ಸರಿಯಾಗಿ ಹರಿಯುತ್ತಿದ್ದೂ ನೀರು ಬಂದರೆ ಆಗ ಬೀಡಿಂಗ್ ಕಡೆ ತಿರುಗಿ. ಸಾದಾ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಬೆರಳಾಡಿಸಿ ನೋಡಿ. ಬಿರುಕು, ಚಪ್ಪಟೆಯಾದ ಜಾಗ, ಮೂಲೆಯಲ್ಲಿ ಎದ್ದ ಅಂಚು ಕೈಗೆ ಸಿಗುತ್ತದೆ. ವರ್ಷಕ್ಕೆರಡು ಸಲ ರಬ್ಬರಿಗೆಂದೇ ಇರುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿದರೆ ಅದು ಮೆತ್ತಗೆ ಉಳಿಯುತ್ತದೆ. ಪೆಟ್ರೋಲ್, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ, ವ್ಯಾಸಲಿನ್ ಹಚ್ಚಬೇಡಿ. ರಬ್ಬರ್ ಉಬ್ಬಿ ಆಕಾರ ಕೆಡುತ್ತದೆ.

ಗಾಜು ಛಾವಣಿಗೆ ಸಮನಾಗಿ ಕೂತಿದೆಯೇ ಎಂದು ಅಂಗೈ ಆಡಿಸಿ ನೋಡಿ. ಒಂದು ಮೂಲೆ ಎದ್ದಿದ್ದರೆ ಅಥವಾ ತಗ್ಗಿದ್ದರೆ ಹೊಂದಾಣಿಕೆ ತಪ್ಪಿದೆ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಗಾಜು ಪೂರ್ತಿ ಮುಚ್ಚದೆ ಸ್ವಲ್ಪದರಲ್ಲಿ ನಿಲ್ಲುವುದೂ ಉಂಟು. ಅದನ್ನು ಮತ್ತೆ ಹೊಂದಿಸುವ ಕ್ರಮ ಕಾರಿನ ಕೈಪಿಡಿಯಲ್ಲಿರುತ್ತದೆ. ಸಾಮಾನ್ಯವಾಗಿ ಮುಚ್ಚುವ ಗುಂಡಿಯನ್ನು ಒತ್ತಿ ಹಿಡಿದುಕೊಂಡಿರುವುದಷ್ಟೇ ಕೆಲಸ. ಗಾಜಿನ ಸ್ಕ್ರೂಗಳನ್ನು ಸಡಿಲಿಸಿ ಎತ್ತರ ಹೊಂದಿಸುವುದನ್ನು ಬಲ್ಲವರಿಗೇ ಬಿಡಿ. ಛಾವಣಿ ಪೂರ್ತಿ ಗಾಜಿರುವ ದೊಡ್ಡ ಸನ್‌ರೂಫ್‌ಗಳಲ್ಲಿ ಚೌಕಟ್ಟು ಬಿರುಕು ಬಿಡುವ, ಕೂಡಿಸಿದ ಅಂಟು ಬಿಡುವ ಸಾಧ್ಯತೆಯೂ ಇದೆ. ಅಲ್ಲಿ ಮನೆಯ ಚಿಕಿತ್ಸೆ ನಡೆಯುವುದಿಲ್ಲ.

ಒಳಗೆ ಸೇರಿದ ನೀರನ್ನು ಬಿಡಬೇಡಿ

ಸೋರಿಕೆ ನಿಂತಿತು ಎಂದು ಕೈ ತೊಳೆದುಕೊಳ್ಳುವ ಜಾಗ ಇದಲ್ಲ. ನೆಲದ ಕಾರ್ಪೆಟ್ಟಿನ ಕೆಳಗೆ ದಪ್ಪನೆಯ ಸ್ಪಂಜಿನ ಪದರ ಇರುತ್ತದೆ. ಮೇಲೆ ಮುಟ್ಟಿದರೆ ಒಣಗಿದಂತೆ ಕಾಣುವಾಗಲೂ ಅದು ನೀರು ಕುಡಿದು ಕೂತಿರುತ್ತದೆ. ಬೂಷ್ಟಿನ ಮೂಲ ಅಲ್ಲಿದೆ. ಮನೆಯಲ್ಲಿ ಉಬ್ಬಸದವರೋ ಚಿಕ್ಕ ಮಕ್ಕಳೋ ಇದ್ದರೆ ಇದನ್ನು ಹಗುರವಾಗಿ ಕಾಣಬೇಡಿ. ಇಂದಿನ ಕಾರುಗಳಲ್ಲಿ ಸೀಟಿನ ಕೆಳಗೂ ಕಾಲ ಬದಿಯ ಪ್ಯಾನೆಲ್ ಹಿಂದೆಯೂ ವೈರಿಂಗ್, ಕನೆಕ್ಟರ್, ಕೆಲವು ಕಂಟ್ರೋಲ್ ಯೂನಿಟ್ಟುಗಳಿರುತ್ತವೆ. ಅವು ತುಕ್ಕು ಹಿಡಿಯಲು ತೊಡಗಿದರೆ ಖರ್ಚು ಸನ್‌ರೂಫಿನದನ್ನು ಮೀರಿಸುತ್ತದೆ.

ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಎಬ್ಬಿಸಿ ಕಾರ್ಪೆಟ್ಟಿನ ಅಂಚನ್ನು ಎತ್ತಿ, ಕೆಳಗೆ ಒಣ ಟವೆಲ್ ಇಟ್ಟು ಒತ್ತಿ ಹಿಂಡುತ್ತಾ ಬನ್ನಿ. ಆಮೇಲೆ ಅಂಚಿನ ಕೆಳಗೆ ಒಂದು ಮರದ ತುಂಡು ಇಟ್ಟು ಗಾಳಿ ಆಡುವಂತೆ ಬಿಡಿ. ಪುನರ್ವಸು, ಪುಷ್ಯ ಮಳೆಗಳ ನಡುವೆ ಬಿಸಿಲು ಕಾಯುತ್ತ ಕೂರುವಂತಿಲ್ಲ. ಎಂಜಿನ್ ಚಾಲೂ ಮಾಡಿ ಎ.ಸಿ. ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕಿ, ಗಾಳಿಯನ್ನು ಕಾಲ ಬುಡಕ್ಕೆ ತಿರುಗಿಸಿ ಅರ್ಧ ಗಂಟೆ ಓಡಾಡಿ ಬನ್ನಿ. ಎ.ಸಿ. ಗಾಳಿಯ ತೇವ ಹಿಡಿಯುತ್ತದೆ, ಹೀಟರ್ ಸ್ಪಂಜಿನ ತೇವ ಎಬ್ಬಿಸುತ್ತದೆ. ಇದನ್ನು ದಿನಕ್ಕೊಮ್ಮೆ, ವಾಸನೆ ಹೋಗುವವರೆಗೆ ಮಾಡಿ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸುತ್ತ ಕೂರಬೇಡಿ, ಹೊಗೆ ಪ್ರಾಣಕ್ಕೆ ಅಪಾಯ. ರೂಮ್ ಹೀಟರನ್ನು ಕಾರಿನೊಳಗೆ ಇಟ್ಟು ಹೋಗುವ ಅಭ್ಯಾಸವೂ ಬೇಡ.

ಛಾವಣಿಯ ಒಳಬಟ್ಟೆಯ ಕಲೆಯನ್ನು ಉಜ್ಜಬೇಡಿ. ಅದರ ಹಿಂದಿನ ಅಂಟು ಬಿಟ್ಟು ಬಟ್ಟೆ ಜೋತುಬೀಳುತ್ತದೆ. ಪೂರ್ತಿ ಒಣಗಿದ ಮೇಲೆ ತುಸುವೇ ತೇವದ ಬಟ್ಟೆಯಿಂದ ಒತ್ತಿ ತೆಗೆಯಿರಿ, ಹೋದಷ್ಟು ಹೋಗಲಿ.

ಇನ್ನೊಂದು ಗಂಭೀರ ಎಚ್ಚರಿಕೆ. ಪಕ್ಕದ ಪರದೆ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ಮಡಚಿ ಕೂತಿರುವುದು ಛಾವಣಿಯ ಅಂಚಿನಲ್ಲಿ, ಕಂಬದ ಪ್ಲಾಸ್ಟಿಕ್ಕಿನ ಹಿಂದೆ. ಕೊಳವೆ ಹುಡುಕಲೆಂದು ಆ ಪ್ಲಾಸ್ಟಿಕ್ಕನ್ನು ಸ್ಕ್ರೂ ಡ್ರೈವರಿನಿಂದ ಕೀಳಬೇಡಿ. ಹಳದಿ ಕನೆಕ್ಟರ್ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಏರ್‌ಬ್ಯಾಗ್ ದೀಪ ಆರದೆ ಉಳಿದರೆ, ಒಳದೀಪದಲ್ಲಿ ನೀರು ನಿಂತಿದ್ದರೆ, ಸನ್‌ರೂಫ್ ತನ್ನಷ್ಟಕ್ಕೆ ಚಲಿಸಿದರೆ ಆ ದಿನವೇ ಗ್ಯಾರೇಜಿಗೆ ಹೋಗಿ.

ಗ್ಯಾರೇಜಿನಲ್ಲಿ ಹೇಗೆ ಮಾತಾಡಬೇಕು

ಹೋಗುವ ಮೊದಲೇ ನೀರು ಬೀಳುವುದರ ವಿಡಿಯೊ ಇರಲಿ. ಗ್ಯಾರೇಜಿಗೆ ತಲುಪುವ ಹೊತ್ತಿಗೆ ಮಳೆ ನಿಂತು ಎಲ್ಲವೂ ಸರಿಯಿರುವಂತೆ ಕಾಣುವುದು ಹೊಸದೇನಲ್ಲ. ಜಾಬ್ ಕಾರ್ಡಿನಲ್ಲಿ "ನೀರು ಸೋರಿಕೆ" ಎಂದಷ್ಟೇ ಬರೆಸಬೇಡಿ. "ಮೂತಿ ತಗ್ಗಾಗಿ ನಿಲ್ಲಿಸಿ ಮಳೆ ಬಂದರೆ ಎಡ ಮುಂಭಾಗದ ಕಂಬದಿಂದ ನೀರು" ಎಂದು ಬರೆಸಿ. ಆಗ ಮೆಕ್ಯಾನಿಕ್ ಯಾವ ಕೊಳವೆ ನೋಡಬೇಕೆಂಬುದು ಮೊದಲ ಸಾಲಿನಲ್ಲೇ ಇರುತ್ತದೆ. "ಅಣ್ಣಾ, ಗಾಜಿನ ಮಾತು ಆಮೇಲೆ, ಮೊದಲು ನನ್ನೆದುರು ನಾಲ್ಕೂ ಡ್ರೈನಿಗೆ ನೀರು ಬಿಟ್ಟು ತೋರಿಸಿ" ಎಂದು ಕೇಳುವುದಕ್ಕೆ ಸಂಕೋಚ ಬೇಡ. ಕೆಲಸ ಬಲ್ಲವರು ಇದಕ್ಕೆ ಬೇಸರಿಸುವುದಿಲ್ಲ. ರಿಪೇರಿ ಮುಗಿದ ಮೇಲೂ ಅದೇ ಪರೀಕ್ಷೆ ಮಾಡಿಸಿ ಕಾರು ತೆಗೆದುಕೊಳ್ಳಿ.

ವಾರಂಟಿ ಅವಧಿಯಲ್ಲಿದ್ದರೆ ನೀವೇ ಏನನ್ನೂ ಬಿಚ್ಚಬೇಡಿ. ಲೋಟದ ಪರೀಕ್ಷೆ ಮಾಡಿ, ವಿಡಿಯೊ ತೆಗೆದು ಅಲ್ಲಿಗೇ ನಿಲ್ಲಿಸಿ. ಕೊಳವೆಯಲ್ಲಿ ಕಸ ಕಟ್ಟಿದ್ದನ್ನು ಕಂಪನಿಯವರು ನಿರ್ವಹಣೆಯ ಲೆಕ್ಕಕ್ಕೆ ಹಾಕಬಹುದು, ಆದರೆ ಕಳಚಿದ ಕೊಳವೆ, ಬಿರುಕುಬಿಟ್ಟ ಚೌಕಟ್ಟು, ಅಂಟು ಬಿಟ್ಟ ಗಾಜು ತಯಾರಿಕೆಯ ದೋಷವೆಂದು ವಾದಿಸಲು ನಿಮಗೆ ದಾರಿ ಇದೆ. ಒಂದೇ ದೂರಿಗೆ ಮತ್ತೆ ಮತ್ತೆ ಅಲೆಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತೊಂದರೆ ಉಂಟಾದ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಹಾಸನ ಮತ್ತು ಚಿಕ್ಕಮಗಳೂರಿನಲ್ಲಿ ಈ ಆಯೋಗಗಳಿವೆ. ಅಲ್ಲಿ ನಿಮ್ಮ ಮಾತಿಗಿಂತ ದಿನಾಂಕವಿರುವ ಜಾಬ್ ಕಾರ್ಡುಗಳೇ ಹೆಚ್ಚು ಮಾತಾಡುತ್ತವೆ, ಒಂದನ್ನೂ ಬಿಸಾಡಬೇಡಿ.

ದಾರಿಯ ನಡುವೆ ಸೋರತೊಡಗಿದರೆ

ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಇರುವಾಗ ಮೇಲಿನಿಂದ ನೀರು ಬಿದ್ದರೆ ಕೊಟ್ಟಿಗೆಹಾರವೋ ಸಕಲೇಶಪುರವೋ ತಲುಪುವವರೆಗೆ ನಿಧಾನವಾಗಿ ಬನ್ನಿ. ಸುರಕ್ಷಿತ ಜಾಗ ಸಿಕ್ಕಿದ ಮೇಲೆ, ಮುಂದೆ ಸೋರುತ್ತಿದ್ದರೆ ಮೂತಿ ಎತ್ತರವಾಗುವಂತೆ, ಹಿಂದೆ ಸೋರುತ್ತಿದ್ದರೆ ಮೂತಿ ತಗ್ಗಾಗುವಂತೆ ನಿಲ್ಲಿಸಿ. ನೀರು ಕೆಲಸ ಮಾಡುತ್ತಿರುವ ಕೊಳವೆಯ ಕಡೆಗೆ ಹರಿದುಹೋಗುತ್ತದೆ. ಸನ್‌ರೂಫನ್ನು ತೆರೆದು ನೋಡುವ ಆತುರ ಬೇಡ, ಗುಂಡಿಯನ್ನೂ ಮುಟ್ಟಬೇಡಿ. ರಾತ್ರಿ ತಂಗುವುದಾದರೆ ಒಂದು ಟಾರ್ಪಾಲು ಹೊದಿಸಿ ಅದರ ಅಂಚುಗಳನ್ನು ಬಾಗಿಲುಗಳ ಹೊರಗೇ ಕೆಳಗೆ ಕಟ್ಟಿ. ಅಂಚನ್ನು ಬಾಗಿಲೊಳಗೆ ಸಿಕ್ಕಿಸಿದರೆ ಟಾರ್ಪಾಲಿನ ಮೇಲಿನ ನೀರೆಲ್ಲ ಸೀಟಿಗೇ ಬರುತ್ತದೆ.

ಯಾವಾಗ ನೋಡಬೇಕು

ಮೇ 25ರ ಸುಮಾರಿಗೆ ರೋಹಿಣಿ ಮಳೆ ಹುಟ್ಟುತ್ತದೆ, ಜೂನ್ ಮೊದಲ ವಾರ ಕಳೆಯುತ್ತಿದ್ದಂತೆ ಮೃಗಶಿರಾ. ಈ ಎರಡರ ನಡುವೆ ಒಂದು ಭಾನುವಾರ ಬೆಳಿಗ್ಗೆಯನ್ನು ನಾಲ್ಕು ಕೊಳವೆಗಳಿಗೆ ಮೀಸಲಿಡಿ. ಆಶ್ಲೇಷ ಮಳೆ ಸ್ವಲ್ಪ ಹೊಳವು ಕೊಟ್ಟಾಗ ಲೋಟದ ಪರೀಕ್ಷೆ ಇನ್ನೊಂದು ಸಲ. ಕಾಫಿ ಕೊಯ್ಲು ಮುಗಿದು ಸಿಲ್ವರ್ ಎಲೆ ಉದುರಿದ ಮೇಲೆ ಕಾಲುವೆ ಒರೆಸುವುದಷ್ಟೇ ಸಾಕು. ಮರದಡಿ ನಿಲ್ಲಿಸುವ ಕಾರಾದರೆ ವಾರಕ್ಕೊಮ್ಮೆ ಗಾಜಿನ ಅಂಚಿನ ಎಲೆ ಗುಡಿಸಿ. ಒತ್ತಡದ ಪಂಪಿನಿಂದ ತೊಳೆಸುವಾಗ ಪೈಪಿನ ಮೂತಿಯನ್ನು ಬೀಡಿಂಗಿಗೆ ನೇರ ಹಿಡಿಯದಂತೆ ಹುಡುಗರಿಗೆ ಹೇಳಿ. ಹಳೆಯ ಕಾರು ಕೊಳ್ಳುವವರು ಸ್ಟೆಪ್ನಿ ಎತ್ತಿ ಅದರ ಗುಂಡಿಯ ತಳ ನೋಡಿ, ಮುಂದಿನ ಕಾರ್ಪೆಟ್ಟಿನ ಅಂಚು ಎತ್ತಿ ಕಬ್ಬಿಣದ ಮೇಲೆ ತುಕ್ಕಿನ ಗೆರೆ ಇದೆಯೇ ನೋಡಿ, ಆಮೇಲೆ ಬೆಲೆ ಮಾತಾಡಿ.